ನಡಿಗೆಯ ಕುದುರೆ, ಊರಿನ ನಾಯಿ

ಕಳೆದ ವಾರ ಮಾತು ಕೊಟ್ಟಂತೆ ಈ ವಾರ ಗೊರಸಿನ ಕೊಳೆಯ ಬಗ್ಗೆ ಬರೆಯಬೇಕು. ದಿನಕ್ಕೊಮ್ಮೆ ನಾಲ್ಕೂ ಕಾಲೆತ್ತಿ, ಕೊಕ್ಕೆಯಿಂದ ಮಣ್ಣು ಬಿಡಿಸಿ, ಮೂಸಿ ನೋಡುವುದು ಈ ಅಂಕಣದ ಹಳೆಯ ಓದುಗರಿಗೆಲ್ಲ ಅಭ್ಯಾಸವಾಗಿದೆ. ಅದಕ್ಕೆ ಸೇರಿಸಬೇಕಾದ ಮಾತು ಒಂದೇ: ಗೊರಸಿನ ಆರೈಕೆ ಮಣ್ಣಿಗೆ ತಕ್ಕಂತೆ ಬದಲಾಗಬೇಕು. ಅಜ್ಜಂಪುರದ ಕಡೆಯ ಎರೆ ಮಣ್ಣು ಒಂದು ಮಳೆ ಬಿದ್ದರೆ ಸಾಕು, ಗೊರಸಿನ ಗುಳಿಗೆ ಮೆತ್ತಿಕೊಳ್ಳುತ್ತದೆ. ಬಿಸಿಲು ಬಂದ ಮೇಲೆ ಅದೇ ಮಣ್ಣು ಕಲ್ಲಿನಷ್ಟು ಗಟ್ಟಿಯಾಗಿ ಕಾಲಿಗೆ ಒತ್ತುತ್ತದೆ. ತರೀಕೆರೆಯ ಅಡಿಕೆ ತೋಟಗಳಲ್ಲಿ ನೆರಳೂ ಹೆಚ್ಚು, ತೇವವೂ ಹೆಚ್ಚು. ಅಲ್ಲಿ ಕಟ್ಟಿದ ಕುದುರೆಯ ಗೊರಸು ಮೆತ್ತಗಾಗಿ ಕೊಳೆ ಹಿಡಿಯುತ್ತದೆ. ಕಡೂರಿನ ಕೆಂಪು ಗರಸು ನೆಲ ಮಾತ್ರ ಗೊರಸನ್ನು ತಾನೇ ಹದವಾಗಿ ತೇಯುತ್ತದೆ. ಒಂದೇ ಕುದುರೆಯನ್ನು ಈ ಮೂರೂ ಕಡೆ ಸಾಕಿದವರಿಗೆ ಮೂರು ಬಗೆಯ ಕಾಲು ಕಾಣುತ್ತದೆ.

ಗೊರಸಿನ ಮಾತು ಇಲ್ಲಿಗೆ ಸಾಕು. ಬೀರೂರಿನ ಹತ್ತಿರ ತೆಂಗಿನ ತೋಟ ಮಾಡುತ್ತಿರುವ ಯುವಕರೊಬ್ಬರು ಬರೆದ ಕಾಗದ ಈ ವಾರವೆಲ್ಲ ಮೇಜಿನ ಮೇಲೇ ಇದೆ. ಅವರಿಗೆ ಒಂದು ಕುದುರೆ ಸಾಕುವ ಆಸೆ. ಮನೆಯಲ್ಲಿ ಆಗಲೇ ಒಂದು ನಾಯಿ ಇದೆ. ಅವರ ತಂದೆಯ ಪ್ರಶ್ನೆ: "ಬೈಕ್ ಇದೆ, ಟ್ರಾಕ್ಟರ್ ಇದೆ, ಕುದುರೆ ಯಾಕಪ್ಪ?" ಹಿರಿಯರು ಕೇಳಿದ್ದರಲ್ಲಿ ತಪ್ಪೇನಿಲ್ಲ. ಉತ್ತರ ಕೊಡುವುದು ನನ್ನ ಪಾಲಿನ ಕೆಲಸ.

ಬೆಳಿಗ್ಗೆ ಹುರುಳಿ ಬೇಯುವ ಹೊತ್ತಿಗೆ ಲಾಯದ ಬಳಿ ನಿಂತು ನೋಡಿ. ಪಾತ್ರೆಯ ಮುಚ್ಚಳ ಸದ್ದಾದ ಕೂಡಲೇ ನನ್ನ ಕುದುರೆ ಗೌರಿಯ ಎರಡೂ ಕಿವಿ ಅಡುಗೆಮನೆಯ ಕಡೆ ತಿರುಗುತ್ತವೆ. ನಾಯಿ ಕರಿಯ ಅವಳ ಮುಂಗಾಲಿನ ಪಕ್ಕ ಬಂದು ಕೂರುತ್ತಾನೆ. ಬೆಂದ ಹುರುಳಿಯನ್ನು ಹೊಟ್ಟಿನ ಜೊತೆ ಕಲಸಿ ಇಟ್ಟರೆ ಅವಳ ಮೇಲ್ದುಟಿ ಒಂದೊಂದೇ ಕಾಳನ್ನು ತಡವಿ ಆರಿಸುವ ನಾಜೂಕು ನಮ್ಮ ಬೆರಳುಗಳಿಗೂ ಬಾರದು. ಕಡ್ಡಿ ಸಿಕ್ಕರೆ ಬದಿಗೆ ತಳ್ಳುತ್ತಾಳೆ, ಕಾಳನ್ನು ಒಳಗೆಳೆದುಕೊಳ್ಳುತ್ತಾಳೆ. ಬಾನಿಯಿಂದ ಉದುರಿದ್ದು ಕರಿಯನ ಪಾಲು. ಇವನಿಗೆ ಇಷ್ಟು, ಅವಳಿಗೆ ಅಷ್ಟು ಎಂದು ನಾನು ಕಲಿಸಲಿಲ್ಲ. ಆ ಒಪ್ಪಂದ ಅವರಿಬ್ಬರದೇ.

ಆಮೇಲೆ ತೋಟದ ಸುತ್ತು. ಜೀನು ಬಿಗಿದು ಏರಿದರೆ ಕಣ್ಣು ಲಂಟಾನದ ಬೇಲಿಯ ಮೇಲಕ್ಕೆ ಬರುತ್ತದೆ. ಯಾವ ಮರದ ಗರಿ ಜೋತಿದೆ, ಎಲ್ಲಿ ಡ್ರಿಪ್ ಪೈಪು ಒಡೆದಿದೆ, ಪಕ್ಕದವರ ರಾಗಿ ತೆನೆ ಎಷ್ಟು ಬಲಿತಿದೆ, ಎಲ್ಲವೂ ಕಾಣುತ್ತದೆ. ಕರಿಯ ಮೂಗು ನೆಲಕ್ಕಿಟ್ಟು ಮುಂದೆ ಹೋಗುತ್ತಾನೆ. ಗೌರಿಯ ಒಂದು ಕಿವಿ ಅವನ ಕಡೆ, ಇನ್ನೊಂದು ನನ್ನ ಕಡೆ. ಎರಡು ಕಿವಿಯೂ ಒಟ್ಟಿಗೆ ಮುಂದಕ್ಕೆ ನೆಟ್ಟಗಾದರೆ ದಾರಿಯ ತಿರುವಿನಾಚೆ ಯಾರೋ ಬರುತ್ತಿದ್ದಾರೆಂದು ಅರ್ಥ. ಬರುವವರು ನನಗೆ ಕಾಣುವುದು ಆಮೇಲೆ.

ಸ್ವಭಾವದಿಂದ ನಾಯಿ ಬೇಟೆಯಾಡುವ ಪ್ರಾಣಿ, ಕುದುರೆ ಬೇಟೆಗೆ ಸಿಗುವ ಪ್ರಾಣಿ. ಕುದುರೆಯ ಕಣ್ಣು ತಲೆಯ ಎರಡು ಬದಿಯಲ್ಲಿರುವುದರಿಂದ ಸುತ್ತಲಿನದೆಲ್ಲ ಹೆಚ್ಚುಕಡಿಮೆ ಕಾಣುತ್ತದೆ. ಕಾಣದಿರುವುದು ಬಾಲದ ನೇರ ಹಿಂದೆ ಮತ್ತು ಮೂತಿಯ ತೀರ ಮುಂದೆ. ನಾಯಿ ಹಿಂದಿನಿಂದ ಬರಬಾರದೆಂದು ಕಲಿಯಬೇಕು, ಕುದುರೆ ನಾಯಿಯ ಓಟಕ್ಕೆ ಬೆದರಬಾರದೆಂದು ಕಲಿಯಬೇಕು. ಮೊದಲ ಕೆಲವು ವಾರ ಹಗ್ಗ ಹಿಡಿದು, ದೂರ ಇಟ್ಟು, ಆತುರಪಡದೆ ಪರಿಚಯ ಮಾಡಿಸಿದರೆ ಎರಡೂ ಕಲಿಯುತ್ತವೆ. ಹೀಗೆ ಕಲಿತ ಜೋಡಿಯ ಜೊತೆ ನಡೆಯುವುದಕ್ಕಿಂತ ದೊಡ್ಡ ಸುಖ ಹಳ್ಳಿಯ ಬದುಕಿನಲ್ಲಿ ನನಗೆ ಗೊತ್ತಿಲ್ಲ.

ಇದನ್ನು ಬರೆಯುವಾಗಲೇ ಒಂದು ಹಳೆಯ ಜಗಳ ನೆನಪಾಗುತ್ತದೆ. ತೋಟದ ಮನೆ ಕಟ್ಟಿಸಿದ ಕೂಡಲೇ ತಳಿ ಹುಡುಕಿಕೊಂಡು ಹೊರಡುವವರು ಈಚೆಗೆ ನಮ್ಮ ಕಡೆಯೂ ಹೆಚ್ಚಾಗಿದ್ದಾರೆ. ಮದುವೆ ಮೆರವಣಿಗೆಗೆ ಕುಣಿಸಲು ಪಳಗಿಸಿದ ಮಾರವಾಡಿ ಕುದುರೆ, ಗೇಟಿನ ಹತ್ತಿರ ಕಟ್ಟಲು ಹಸ್ಕಿ. ಹಿಮದ ನಾಡಿಗೆಂದು ಎರಡು ಪದರ ಕೂದಲು ಹೊತ್ತು ಹುಟ್ಟಿದ ನಾಯಿಯನ್ನು ಕಡೂರಿನ ಏಪ್ರಿಲ್ ಬಿಸಿಲಿನಲ್ಲಿ ಸಂಕೋಲೆ ಹಾಕಿ ಕಟ್ಟುವುದು ಕ್ರೌರ್ಯ. ಅದಕ್ಕೆ ಬೇರೆ ಹೆಸರಿಲ್ಲ. ರೇಸಿನಿಂದ ನಿವೃತ್ತವಾದ ಕುದುರೆ ಅಗ್ಗಕ್ಕೆ ಸಿಗುತ್ತದೆಂದು ತರುವವರೂ ಇದ್ದಾರೆ. ಓಟಕ್ಕೇ ಬೆಳೆಸಿದ, ಸಣ್ಣ ಸದ್ದಿಗೂ ಸಿಡಿಯುವ ಆ ಪ್ರಾಣಿಯನ್ನು ಸಂಭಾಳಿಸಲು ಪಳಗಿದ ಕೈ ಬೇಕು. ಮೊದಲ ಬಾರಿ ಕುದುರೆ ಸಾಕುವವರು ಅದರ ತಂಟೆಗೆ ಹೋಗಬಾರದು.

ತಳಿಯ ಪರವಾಗಿ ಅವರು ಸದಾ ಮುಂದಿಡುವುದು ಮುಧೋಳ ನಾಯಿಯನ್ನು. ಮುಧೋಳದ ಮೇಲೆ ನನಗೆ ಗೌರವವಿದೆ. ಘೋರ್ಪಡೆ ರಾಜಮನೆತನದ ಮಾಲೋಜಿರಾವ್ ಆ ತಳಿಯನ್ನು ಉಳಿಸಿದವರು. 2005ರಲ್ಲಿ ಅದರ ಅಂಚೆಚೀಟಿ ಬಂತು. ಆಮೇಲೆ ಸೈನ್ಯವೂ ಅದನ್ನು ತರಬೇತಿಗೆ ತೆಗೆದುಕೊಂಡಿತು. ಆದರೆ ಅದು ಕಣ್ಣಿಂದ ಬೇಟೆ ಕಂಡು ಅಟ್ಟಿಸಿ ಹಿಡಿಯುವ ನಾಯಿ. ದಿನವೂ ಮೈಲುಗಟ್ಟಲೆ ಓಡಿಸುವ ಜಾಗ, ಪುರಸೊತ್ತು ಎರಡೂ ಇದ್ದವರಿಗೆ ಅದು ಸರಿ. ನಮ್ಮ ತೋಟಕ್ಕೆ ಊರಿನ ನಾಯಿಯೇ ಸರಿ. ನಮ್ಮ ಬಿಸಿಲು, ನಮ್ಮ ಮುದ್ದೆ, ನಮ್ಮ ಉಣುಗು ಎಲ್ಲವನ್ನೂ ತಾಳಿಕೊಂಡು ಬಂದ ರಕ್ತ ಅದು. ಕುದುರೆಯೂ ಹಾಗೆಯೇ. ಬೆಳಗಾವಿ, ಬಾಗಲಕೋಟೆ ಕಡೆಯ ಸಂಚಾರಿ ಕುರಿಗಾರರ ಗಿಡ್ಡ ಕುದುರೆಗಳನ್ನು ನೋಡಿ: ಬೆನ್ನ ಮೇಲೆ ಕಂಬಳಿ, ಪಾತ್ರೆ ಪಡಗ, ಆಗಷ್ಟೇ ಹುಟ್ಟಿದ ಕುರಿಮರಿ; ಪಕ್ಕದಲ್ಲಿ ನಾಯಿ. ಮಹಾರಾಷ್ಟ್ರದ ಧನಗರರ ಇಂಥದೇ ಭೀಮಥಡಿ ಕುದುರೆಗೆ ಈಚೆಗೆ ರಾಷ್ಟ್ರೀಯ ಮಟ್ಟದಲ್ಲಿ ಪ್ರತ್ಯೇಕ ತಳಿಯೆಂಬ ಮಾನ್ಯತೆ ಸಿಕ್ಕಿದೆ. ನಮ್ಮ ಕುರಿಗಾರರ ಕುದುರೆಗಳನ್ನೂ ಯಾರಾದರೂ ಹೀಗೆ ಕೂತು ಅಳೆದು ದಾಖಲಿಸಬೇಕು.

ಒಮ್ಮೆ ಗೌರಿಯ ಮೇಲೆ ಹೋಗುವಾಗ ದಾರಿಯಲ್ಲಿ ಒಬ್ಬ ಅಜ್ಜಿ ನಿಲ್ಲಿಸಿ, ಅವಳ ಮೂತಿ ಮುಟ್ಟಿ ಕಣ್ಣಿಗೊತ್ತಿಕೊಂಡು ಹೇಳಿದರು: "ಕುದ್ರೆನೂ ಐತೆ, ನಾಯಿನೂ ಐತೆ. ಮೈಲಾರಪ್ಪ ಬಂದಂಗಾತು ಕಣಪ್ಪ." ತಳಿ ಪಂಡಿತರಿಗೆ ಕೊಡಬೇಕಾದ ಉತ್ತರವೆಲ್ಲ ಆ ಮಾತಿನಲ್ಲೇ ಇದೆ.

ಬೀರೂರಿನಲ್ಲಿ ಮೈಲಾರಲಿಂಗಸ್ವಾಮಿಯ ಗುಡಿಯಿದೆ. ದಸರೆಯ ವೇಳೆಗೆ ಮಹಾನವಮಿ ಬಯಲಿನಲ್ಲಿ ಕಾರ್ಣಿಕ ಕೇಳಲು ಜನ ಸೇರುತ್ತಾರೆ. ಮುಂದಿನ ಮಳೆ ಬೆಳೆ ಹೇಗೆ, ನಾಡಿನ ಕ್ಷೇಮ ಹೇಗೆ ಎಂದು ಆ ನುಡಿಯಿಂದ ಲೆಕ್ಕ ಹಾಕುತ್ತಾರೆ. ಹೂವಿನಹಡಗಲಿಯ ಮೈಲಾರ, ರಾಣೆಬೆನ್ನೂರಿನ ದೇವರಗುಡ್ಡ, ಮಹಾರಾಷ್ಟ್ರದ ಜೆಜೂರಿ ಎಲ್ಲ ಕಡೆಯೂ ಈ ದೇವರ ಕಲ್ಪನೆ ಒಂದೇ: ಕುದುರೆಯ ಮೇಲೆ ದೇವರು, ಜೊತೆಗೆ ನಾಯಿ. ಅವನ ಗೊರವರು ಹಣೆಗೆ ಭಂಡಾರ ಬಳಿದು, ಡಮರುಗ ಹಿಡಿದು ಬರುತ್ತಾರೆ. ದೋಣಿ ಸೇವೆಯ ದಿನ ಹಾಲು, ತುಪ್ಪ, ಬಾಳೆಹಣ್ಣು ಹಾಕಿದ ದೋಣಿಗೆ ನಾಯಿಗಳಂತೆ ಬೊಗಳುತ್ತ ಬಾಯಿ ಹಾಕುತ್ತಾರೆ. ದೇವರ ಮುಂದೆ ನಾಯಿಯಾಗಿ ನಿಲ್ಲುವುದನ್ನು ಹೆಮ್ಮೆಯ ಸೇವೆ ಎಂದುಕೊಂಡ ಜನ ಇವರು. ಕುರಿ ಕಾಯುವವರ, ಊರೂರು ಅಲೆಯುವವರ ದೇವರಿಗೆ ರಥ ಐರಾವತಗಳು ಬೇಕಾಗಲಿಲ್ಲ. ಹಟ್ಟಿಯಲ್ಲಿ ದಿನವೂ ಕಣ್ಣೆದುರಿಗಿದ್ದ ಎರಡು ಪ್ರಾಣಿಗಳೇ ಸಾಕಾದವು.

ಗೊರವ ಎಂದ ಮೇಲೆ ಆತಕೂರಿನ ಶಾಸನವನ್ನು ಹೇಳದೆ ಮುಂದೆ ಹೋಗಲಾರೆ. ನಾಯಿಯ ಬಗ್ಗೆ ಕನ್ನಡದಲ್ಲಿ ಅದಕ್ಕಿಂತ ದೊಡ್ಡ ಬರಹವನ್ನು ನಾನು ಓದಿಲ್ಲ. ತೇಜಸ್ವಿಯವರ 'ಪರಿಸರದ ಕತೆ'ಯಲ್ಲಿ ಬರುವ ಕಿವಿ ನನಗೆ ಬಲು ಪ್ರೀತಿಯ ನಾಯಿ. ಆದರೂ ಮೊದಲ ಸ್ಥಾನ ಆ ಶಾಸನದ ಕಾಳಿಗೇ.

ಶಕ 872, ಅಂದರೆ ಕ್ರಿ.ಶ. 949-50. ತಕ್ಕೋಲದ ಕಾಳಗದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಪರ ನಿಂತ ಗಂಗ ಬೂತುಗನಿಂದ ಚೋಳರ ರಾಜಾದಿತ್ಯ ಸತ್ತ. ಆ ಕಾಳಗದಲ್ಲಿ ಬೂತುಗನ ಕಡೆ ಕಾದಿದ ವೀರ ಮಣಲೇರ. ಅವನ ಶೌರ್ಯಕ್ಕೆ ಮೆಚ್ಚಿದ ಒಡೆಯ ಬೇಕಾದ್ದನ್ನು ಬೇಡು ಎಂದ. ಮಣಲೇರ ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಅವನಿಗೆ ಊರುಗಳ ಕೊಡುಗೆಯೂ ಸಿಕ್ಕಿತೆಂದು ಅದೇ ಕಲ್ಲು ಹೇಳುತ್ತದೆ. ಆದರೆ ತಾನಾಗಿ ಬಾಯಿಬಿಟ್ಟು ಕೇಳಿದ್ದು ನಾಯಿಯನ್ನೇ. ಮುಂದೆ ಕೆಲಲೆ ನಾಡಿನ ಒಂದು ಗುಡ್ಡದಲ್ಲಿ ಕಾಳಿಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಒಟ್ಟಿಗೆ ಸತ್ತವು. ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನೆಡಿಸಿದರು. ಅದರ ಮೇಲ್ಭಾಗದಲ್ಲಿ ನಾಯಿ ಮತ್ತು ಹಂದಿ ಎದುರುಬದುರು ಸೆಣಸುವ ಚಿತ್ರವಿದೆ. ಕಲ್ಲಿನ ಪೂಜೆಗಾಗಿ ಕೆರೆಯ ಕೆಳಗೆ ಗದ್ದೆ ಬಿಟ್ಟರು. ಆ ಸ್ಥಾನ ನೋಡಿಕೊಳ್ಳುವ ಗೊರವ ಕಲ್ಲನ್ನು ಪೂಜಿಸದೆ ಊಟ ಮಾಡಿದರೆ ಅವನಿಗೆ ಪಾಪ ಸುತ್ತಿಕೊಳ್ಳುತ್ತದೆಂದೂ ಬರೆಸಿದರು.

ರಾಜರ ಯುದ್ಧ, ಬನವಾಸಿ ಬೆಳ್ವೊಲಗಳ ಕೊಡುಗೆ ಎಲ್ಲವೂ ಕೆತ್ತಿರುವ ಕಲ್ಲು ಅದು. ಚಿತ್ರವಾಗಿ ಉಳಿದದ್ದು ಮಾತ್ರ ನಾಯಿ. ಅದಾಗಿ ಸುಮಾರು 180 ವರ್ಷದ ಮೇಲೆ ಚಾಲುಕ್ಯ ಸೋಮೇಶ್ವರ 'ಮಾನಸೋಲ್ಲಾಸ' ಬರೆದಾಗ ಕುದುರೆಯ ಮೇಲಿನ ಚೆಂಡಾಟಕ್ಕೂ ನಾಯಿಗಳ ಬೇಟೆಗೂ ಬೇರೆ ಬೇರೆ ಅಧ್ಯಾಯಗಳನ್ನೇ ಕೊಟ್ಟ. ಅದು ಆ ಪುಸ್ತಕದ ವಿನೋದದ ಭಾಗ, ಅರಸನಿಗೆ ಹೊತ್ತು ಹೋಗಲು ಏನೇನು ಬೇಕು ಎಂಬುದರ ಪಟ್ಟಿ. ತೋಟದ ಮನೆಗೆ ತಳಿ ತರಿಸುವವರು ಸೋಮೇಶ್ವರನ ಶಿಷ್ಯರು. ನಾನು ಮಣಲೇರನ ಕಡೆಯವನು. ಪ್ರಾಣಿ ಸತ್ತ ಮೇಲೂ ಅದರ ಋಣ ಉಳಿಯುತ್ತದೆಂದು ತಿಳಿದವನು ಆತ. ಕಾಳಿಯ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಸ್ವತ್ತು. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ.

ಇನ್ನು ಬೀರೂರಿನ ಯುವಕರಿಗೆ ನೇರ ಮಾತು. ಕುದುರೆ ಗುಂಪಿನ ಪ್ರಾಣಿ. ಒಂಟಿಯಾಗಿ ಕಟ್ಟಿದರೆ ಗೋಡೆ ಕಚ್ಚುತ್ತದೆ, ನಿಂತಲ್ಲೇ ತೂಗಾಡುತ್ತದೆ. ಎರಡನೆಯ ಕುದುರೆ ಸಾಕಲು ಆಗದಿದ್ದರೆ ಪಕ್ಕದಲ್ಲಿ ಒಂದು ಆಡೋ ಕತ್ತೆಯೋ ಇರಲಿ. ರಾತ್ರಿ ಲಾಯದ ಬಾಗಿಲಲ್ಲಿ ನಿಮ್ಮ ನಾಯಿ ಮಲಗಲಿ. ಹಸುವಿಗೆ ಹಾಕುವ ಮೇವೆಲ್ಲ ಕುದುರೆಗೆ ಆಗುವುದಿಲ್ಲ. ಮಳೆಗೆ ನೆನೆದು ಬೂಸ್ಟು ಹಿಡಿದ ರಾಗಿ ಹುಲ್ಲನ್ನು ಅದಕ್ಕೆ ಮುಟ್ಟಿಸಲೇಬೇಡಿ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ಹೊಟ್ಟೆಶೂಲೆ ಬಂದರೆ ಪ್ರಾಣಕ್ಕೇ ಸಂಚಕಾರ. ಹೊಟ್ಟೆ ಸಣ್ಣದು, ಹಾಗಾಗಿ ಸ್ವಲ್ಪ ಸ್ವಲ್ಪವೇ ದಿನವಿಡೀ ಮೇಯಬೇಕು. ಕೊಳ್ಳುವ ಮೊದಲು ಗ್ಲ್ಯಾಂಡರ್ಸ್ ಪರೀಕ್ಷೆಯ ಕಾಗದ ಕೇಳಿ. ಅದು ಮನುಷ್ಯರಿಗೂ ಅಂಟುವ ಕಾಯಿಲೆ. ಧನುರ್ವಾಯು ಕುದುರೆಯನ್ನು ಬಲು ಬೇಗ ಹಿಡಿಯುತ್ತದೆ, ಅದರ ಲಸಿಕೆ ತಪ್ಪಿಸಬೇಡಿ. ನಾಯಿಗೆ ರೇಬಿಸ್ ಲಸಿಕೆ ವರ್ಷ ವರ್ಷ ಹಾಕಿಸಿ. ಚೆನ್ನಾಗಿ ಸಾಕಿದ ಕುದುರೆ 25 ವರ್ಷ ದಾಟಿಯೂ ಬದುಕುತ್ತದೆ. ನಿಮ್ಮ ತಂದೆಯವರಿಗೆ ಈ ಸಂಖ್ಯೆಯನ್ನು ಮೊದಲೇ ಹೇಳಿಬಿಡಿ. ಅವರು ಒಪ್ಪಿದರೆ ಮಾತ್ರ ತನ್ನಿ.

ಕೊನೆಯದಾಗಿ ಒಂದು ಕೋರಿಕೆ, ಇದು ಕಡೂರು, ತರೀಕೆರೆ, ಅಜ್ಜಂಪುರ ಮೂರೂ ತಾಲ್ಲೂಕಿನ ನಾಯಿ ಸಾಕಿದವರಿಗೆಲ್ಲ. ಅಮೃತಮಹಲ್ ದನಗಳಿಗೆಂದು ಅರಸರ ಕಾಲದಲ್ಲಿ ಬಿಟ್ಟ ಕಾವಲುಗಳಲ್ಲಿ ಹುಲ್ಲುಗಾವಲಾಗಿ ಉಳಿದಿರುವುದು ಕೆಲವೇ. ಕಡೂರು ತಾಲ್ಲೂಕಿನ ಬಾಸೂರು ಕಾವಲು ಅವುಗಳಲ್ಲೊಂದು. 2011ರಲ್ಲಿ ಅದನ್ನು ಕೃಷ್ಣಮೃಗಗಳ ಸಂರಕ್ಷಿತ ಪ್ರದೇಶವೆಂದು ಘೋಷಿಸಿದ್ದಾರೆ. ಇರುವುದು ಏಳು ಚದರ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ಜಾಗ. ಹುಲ್ಲಿನಲ್ಲಿ ಅಡಗಿ ಮಲಗಿದ ಮರಿಯನ್ನು ಕಚ್ಚಿ ಎಳೆಯಲು ಬಿಟ್ಟ ನಾಯಿಗೆ ಎರಡು ನಿಮಿಷ ಬೇಡ. ಕಾವಲಿನ ಅಂಚಿನ ದಾರಿಯಲ್ಲಿ ಹೋಗುವಾಗ ನಿಮ್ಮ ನಾಯಿ ಎಷ್ಟೇ ಸಾಧುವಾಗಿದ್ದರೂ ಕೊರಳಿಗೆ ಹಗ್ಗ ಹಾಕಿ ಕೈಯಲ್ಲಿ ಹಿಡಿದುಕೊಳ್ಳಿ. ರಾತ್ರಿ ಅದನ್ನು ಹೊರಗೆ ತಿರುಗಲು ಬಿಡಬೇಡಿ.