ಪುಕ್ಕಟೆ ಊಟಕ್ಕೆ ಜೋಳ ಕೊಟ್ಟವರು ಯಾರು?

ಹೋದ ಸಲ ಊರಿಗೆ ಹೋದಾಗ ತಮ್ಮ ಕೇಳಿದ: "ಅಣ್ಣಾ, ಲಿನಕ್ಸಿಗೆ ಒಂದು ಚೊಲೋ ಫ್ರೀ ವಿಪಿಎನ್ ಹೇಳು. ಫೈಲ್ ಹಂಚಾಕ ಬೇಕಾಗೇತಿ."

ನಮ್ಮೂರು ತುಳಸಿಗೇರಿ. ಬಾಗಲಕೋಟೆ ಕಡೆಯವರಿಗೆ ಹನಮಪ್ಪನ ಗುಡಿ ಅಂದರೆ ಸಾಕು, ಗೊತ್ತಾಗುತ್ತೆ. ಅಲ್ಲಿ ತಮ್ಮ ಒಂದು ಸಣ್ಣ ಆನ್‌ಲೈನ್ ಅಂಗಡಿ ಇಟ್ಟಿದ್ದಾನೆ. ಪಹಣಿ ತೆಗೆದುಕೊಡೋದು, ಆಧಾರ್ ಪ್ರಿಂಟ್, ಹುಡುಗರ ಸ್ಕಾಲರ್‌ಶಿಪ್ ಅರ್ಜಿ, ಇಂಥ ಕೆಲಸ. ಹಳೇ ಕಂಪ್ಯೂಟರಿಗೆ ಲಿನಕ್ಸ್ ಮಿಂಟ್ ಹಾಕಿಕೊಟ್ಟವನು ನಾನೇ.

"ಏನ್ ಫೈಲ್ ಹಂಚಾಂವಾ?" ಅಂದೆ.

"ಹೊಲದ ಕಾಗದ ಸ್ಕ್ಯಾನ್ ಮಾಡಿ ನಿನಗ ಕಳಸೂದೈತಿ. ಮತ್ತ..." ಅಂತ ನಕ್ಕ. ಆ 'ಮತ್ತ' ಏನು ಅಂತ ನನಗೆ ಗೊತ್ತು. ಟೊರೆಂಟಿನಲ್ಲಿ ಹೊಸ ಸಿನಿಮಾ.

ಬೆಂಗಳೂರಿಗೆ ವಾಪಸ್ ಬಂದು ಹುಡುಕಲು ಕೂತೆ. 'ಅತ್ಯುತ್ತಮ ಹತ್ತು ಉಚಿತ ವಿಪಿಎನ್' ಅನ್ನುವ ಪಟ್ಟಿಗಳಿಗೆ ಬರವೇ ಇಲ್ಲ. ಆದರೆ ಪಟ್ಟಿ ಮಾಡಿದವರು ಯಾರು ಅಂತ ಮೊದಲು ನೋಡಿ. ಎಷ್ಟೋ ಪಟ್ಟಿಗಳು ನೀವು ಲಿಂಕ್ ಒತ್ತಿ ಖರೀದಿಸಿದರೆ ಕಮಿಷನ್ ಪಡೆಯುತ್ತವೆ. 2021ರಲ್ಲಿ ಕೇಪ್ ಟೆಕ್ನಾಲಜೀಸ್ ಅನ್ನುವ ಕಂಪನಿ, ವಿಪಿಎನ್‌ಮೆಂಟರ್‌ನಂಥ ವಿಮರ್ಶೆ ತಾಣಗಳನ್ನು ನಡೆಸುತ್ತಿದ್ದ ಸಂಸ್ಥೆಯನ್ನು ಕೊಂಡಿತು. ಅದೇ ವರ್ಷ ಎಕ್ಸ್‌ಪ್ರೆಸ್‌ವಿಪಿಎನ್ ಅನ್ನೂ ಕೊಂಡಿತು. ಎತ್ತು ಮಾರುವವನೇ ಎತ್ತಿನ ಹಲ್ಲು ನೋಡಿ ವಯಸ್ಸು ಹೇಳಿದ ಹಾಗೆ. ಹೇಳಿದ್ದು ಸುಳ್ಳೇ ಇರಬೇಕು ಅಂತಿಲ್ಲ, ಆದರೆ ನಾವು ಇನ್ನೊಬ್ಬರನ್ನು ಕೇಳಬೇಕು.

ವಿಪಿಎನ್ ಮಾಡುವುದು ಇಷ್ಟೇ. ನಿಮ್ಮ ಕಂಪ್ಯೂಟರಿನಿಂದ ಆ ಕಂಪನಿಯ ಸರ್ವರ್ ತನಕ ಒಂದು ಮುಚ್ಚಿದ ಕೊಳವೆ ಹಾಕುತ್ತೆ. ಟೊರೆಂಟಿನಲ್ಲಿ ಒಂದೇ ಫೈಲ್ ಹಂಚಿಕೊಳ್ಳುವ ಎಲ್ಲರಿಗೂ ಪರಸ್ಪರರ ಐಪಿ ವಿಳಾಸ ಕಾಣುತ್ತೆ. ವಿಪಿಎನ್ ಹಾಕಿದರೆ ನಿಮ್ಮ ವಿಳಾಸದ ಬದಲು ಕಂಪನಿಯ ವಿಳಾಸ ಕಾಣುತ್ತೆ. ಆದರೆ ಇಲ್ಲಿತನಕ ನಿಮ್ಮ ಇಂಟರ್ನೆಟ್ ಕೊಟ್ಟವನಿಗೆ ಕಾಣುತ್ತಿದ್ದದ್ದು, ಅಂದರೆ ನೀವು ಎಲ್ಲೆಲ್ಲಿಗೆ ಹೋಗುತ್ತೀರಿ ಅನ್ನೋದು, ಈಗ ಆ ಕಂಪನಿಗೆ ಕಾಣುತ್ತೆ. ಊರಿನ ಕೇಬಲ್‌ನವನ ಮನೆ ನನಗೆ ಗೊತ್ತು. ಫ್ರೀ ವಿಪಿಎನ್‌ನವನ ಮನೆ ಎಲ್ಲಿದೆ?

ಪುಕ್ಕಟೆ ಅನ್ನೋದು ನಮಗೆ ಹೊಸದಲ್ಲ. ಜಾತ್ರೆಯಲ್ಲಿ ಸಾವಿರಾರು ಜನ ದುಡ್ಡು ಕೊಡದೆ ಉಣ್ಣುತ್ತಾರೆ. ಆದರೆ ಜೋಳದ ಚೀಲ ಯಾರದು, ಬೆಲ್ಲ ಯಾರದು ಅಂತ ಊರಿಗೆಲ್ಲ ಗೊತ್ತಿರುತ್ತೆ. ಫ್ರೀ ವಿಪಿಎನ್‌ಗೂ ನಾನು ಇದೇ ಪ್ರಶ್ನೆ ಹಾಕಿದೆ: ಜೋಳ ಕೊಟ್ಟವರು ಯಾರು?

ಹೋಲಾ ವಿಷಯದಲ್ಲಿ ಉತ್ತರ 2015ರಲ್ಲಿ ಬಯಲಾಯಿತು. ಜೋಳ ಕೊಟ್ಟವರು ಬಳಕೆದಾರರೇ! ಅವರ ಇಂಟರ್ನೆಟ್ ಸಂಪರ್ಕವನ್ನು ಕಂಪನಿ ಲುಮಿನಾಟಿ ಅನ್ನುವ ಸೇವೆಯ ಮೂಲಕ ಬೇರೆಯವರಿಗೆ ಮಾರುತ್ತಿತ್ತು. ಅಂದರೆ ಯಾರೋ ಎಲ್ಲೋ ಕೂತು ಮಾಡಿದ್ದು ನಿಮ್ಮ ವಿಳಾಸದಿಂದ ಹೊರಗೆ ಹೋಗುತ್ತೆ. ಒನಾವೋ ಇನ್ನೊಂದು ಬಗೆ. 2013ರಲ್ಲಿ ಫೇಸ್‌ಬುಕ್ ಕೊಂಡ ಈ ಕಂಪನಿಯ ಫ್ರೀ ವಿಪಿಎನ್, ಜನ ಯಾವ ಆ್ಯಪ್ ಎಷ್ಟು ಬಳಸುತ್ತಾರೆ ಅಂತ ಯಜಮಾನನಿಗೆ ವರದಿ ಒಪ್ಪಿಸುತ್ತಿತ್ತು. ಫೋನುಗಳ ಕಥೆಯೂ ಅಷ್ಟೇ. 2016ರಲ್ಲಿ ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಶೋಧಕರೂ ಸೇರಿ 283 ಆಂಡ್ರಾಯ್ಡ್ ವಿಪಿಎನ್ ಆ್ಯಪ್‌ಗಳನ್ನು ಪರೀಕ್ಷೆ ಮಾಡಿದರು. 38% ಆ್ಯಪ್‌ಗಳಲ್ಲಿ ಮಾಲ್‌ವೇರ್ ಸುಳಿವು. 18% ಆ್ಯಪ್‌ಗಳು ಕೊಳವೆಯನ್ನು ಮುಚ್ಚುತ್ತಲೇ ಇರಲಿಲ್ಲ.

ಹಾಗಂತ ಫ್ರೀ ಅಂದರೆಲ್ಲ ಮೋಸ ಅಂತಲ್ಲ. ಪ್ರೋಟಾನ್‌ನಲ್ಲಿ ದುಡ್ಡು ಕೊಡುವ ಗ್ರಾಹಕರು ಫ್ರೀ ಗ್ರಾಹಕರನ್ನು ಸಾಕುತ್ತಾರೆ, ಲಿನಕ್ಸಿಗೂ ಆ್ಯಪ್ ಇದೆ. ಆದರೆ ಫ್ರೀ ಯೋಜನೆಯಲ್ಲಿ ಟೊರೆಂಟಿಗೆ ಅವಕಾಶ ಇಲ್ಲ. ವಿಂಡ್‌ಸ್ಕ್ರೈಬ್ ಟೊರೆಂಟಿಗೆ ಬಿಡುತ್ತೆ. ನಾನು ನೋಡಿದಾಗ ಇಮೇಲ್ ಖಚಿತಪಡಿಸಿದವರಿಗೆ ತಿಂಗಳಿಗೆ 10 ಜಿಬಿ ಮಿತಿ ಇತ್ತು. ರೈಸ್‌ಅಪ್ ದೇಣಿಗೆಯಿಂದ ನಡೆಯುತ್ತೆ, ನಮ್ಮ ದಾಸೋಹದ ಹಾಗೆ. ಅದರ ಮೇಲೆ ಸಿನಿಮಾ ಇಳಿಸೋದು ಅಂದರೆ ಪಂಕ್ತಿಯಲ್ಲಿ ಕೂತು ಬುತ್ತಿ ಕಟ್ಟಿಕೊಂಡು ಹೋದ ಹಾಗೆ. ಈ ಮೂರರಲ್ಲೂ ಜೋಳ ಎಲ್ಲಿಂದ ಬಂತು ಅನ್ನೋದು ಗೊತ್ತಾಗುತ್ತೆ. ಅದಕ್ಕೇ ಮಿತಿಯೂ ಇದೆ. ಮಿತಿಯೇ ಇಲ್ಲದ ಪುಕ್ಕಟೆ ಕಂಡರೆ ಹುಷಾರಾಗಿ.

ಒಂದು ತಪ್ಪೊಪ್ಪಿಗೆ. ಬೆಂಗಳೂರಿಗೆ ಬಂದ ಹೊಸದರಲ್ಲಿ ನಾನೂ ಪಿಜಿಯಲ್ಲಿ ಯಾವುದೋ ಫ್ರೀ ವಿಪಿಎನ್ ಹಾಕಿ, ರಾತ್ರಿ ಟೊರೆಂಟ್ ಹಚ್ಚಿ ಮಲಗಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ವಿಪಿಎನ್ ಯಾವಾಗಲೋ ಕಡಿದುಹೋಗಿದೆ, ಟೊರೆಂಟ್ ಮಾತ್ರ ನಿಂತಿಲ್ಲ. ರಾತ್ರಿಯಿಡೀ ಹೊರಗಿನವರಿಗೆ ಕಂಡದ್ದು ಪಿಜಿ ವೈಫೈ ವಿಳಾಸ. ಆ ಕನೆಕ್ಷನ್ ಇದ್ದದ್ದು ಮಾಲೀಕರ ಹೆಸರಲ್ಲಿ. ಏನೂ ಆಗಲಿಲ್ಲ, ಸರಿ. ಆದರೆ ಏನಾದರೂ ಆಗಿದ್ದರೆ ಉತ್ತರ ಹೇಳಬೇಕಾಗಿದ್ದವರು ಆ ಹಿರಿಯರು. ಕ್ಯೂಬಿಟ್‌ಟೊರೆಂಟಿನಲ್ಲಿ ವಿಪಿಎನ್ ಇಂಟರ್‌ಫೇಸಿಗೆ ಮಾತ್ರ ಕಟ್ಟಿಹಾಕುವ ಸೆಟ್ಟಿಂಗ್ ಇದೆ. ಅದನ್ನು ಹಾಕಿದ್ದರೆ ವಿಪಿಎನ್ ಕಡಿದ ಕೂಡಲೇ ಟೊರೆಂಟೂ ನಿಲ್ಲುತ್ತಿತ್ತು. ನಾನು ಕಲಿತದ್ದು ತಡವಾಗಿ.

ವಿಪಿಎನ್ ಹುಡುಕುವವರೆಲ್ಲ ಕಳ್ಳರು ಅಂತಲೂ ಅಲ್ಲ. 2017ರ ಆಗಸ್ಟಿನಲ್ಲಿ ಎರಡು ಹಿಂದಿ ಸಿನಿಮಾಗಳ ಪೈರಸಿ ತಡೆಯಲು ಮದ್ರಾಸ್ ಹೈಕೋರ್ಟ್ ಆದೇಶ ಕೊಟ್ಟಾಗ, ಮುಚ್ಚಿದ ಎರಡೂವರೆ ಸಾವಿರಕ್ಕೂ ಹೆಚ್ಚು ತಾಣಗಳಲ್ಲಿ ಇಂಟರ್ನೆಟ್ ಆರ್ಕೈವ್ ಕೂಡ ಸೇರಿಹೋಗಿತ್ತು. ಸ್ಕ್ಯಾನ್ ಮಾಡಿದ ಎಷ್ಟೋ ಹಳೇ ಕನ್ನಡ ಪುಸ್ತಕಗಳು ಅಲ್ಲೇ ಇರೋದು. ಅವನ್ನು ಟೊರೆಂಟಿನಲ್ಲಿ ಇಳಿಸಿಕೊಳ್ಳುವ ವ್ಯವಸ್ಥೆಯನ್ನೂ ಆರ್ಕೈವ್ ತಾನೇ ಕೊಟ್ಟಿದೆ. ಅಂಥ ದಿನ ಕನ್ನಡ ಓದುಗನೊಬ್ಬ ವಿಪಿಎನ್ ಹುಡುಕಿದರೆ ಏನು ತಪ್ಪು?

ತಮ್ಮನ ವಿಷಯ ಬೇರೆ. ಅವನ ಕಂಪ್ಯೂಟರಿನಲ್ಲಿ ಅರ್ಧ ಊರಿನ ಆಧಾರ್, ಪಾಸ್‌ಬುಕ್ ಸ್ಕ್ಯಾನ್‌ಗಳಿವೆ. ಕಾಗದ ಕೊಟ್ಟವರಿಗೆ ವಿಪಿಎನ್ ಅಂದರೇನು ಗೊತ್ತಿಲ್ಲ, 'ನಮ್ಮ ಹುಡುಗ' ಅಂತ ನಂಬಿ ಕೊಟ್ಟಿದ್ದಾರೆ. ಆ ಮಷೀನಿನ ಮೇಲೆ ಗುರುತಿಲ್ಲದವರ ಪ್ರೋಗ್ರಾಂ ಅನ್ನು ಸುಡೋ ಕೊಟ್ಟು ಇನ್‌ಸ್ಟಾಲ್ ಮಾಡೋದು ಅಂದರೆ ಅವರೆಲ್ಲರ ಮನೆಯ ಕೀಲಿಕೈ ಕೊಟ್ಟಂತೆ.

ಕಾಗದ ಕಳಿಸಲಿಕ್ಕೆ ಅವನಿಗೆ ವಿಪಿಎನ್ ಸೇವೆಯೇ ಬೇಕಿರಲಿಲ್ಲ. ಅಡಗಿಕೊಳ್ಳೋದು ಒಂದು ಕೆಲಸ, ಎರಡು ಕಂಪ್ಯೂಟರ್ ಜೋಡಿಸೋದು ಇನ್ನೊಂದು ಕೆಲಸ. ನಾವು ಎರಡನ್ನೂ 'ವಿಪಿಎನ್' ಅನ್ನುವ ಒಂದೇ ಚೀಲಕ್ಕೆ ತುಂಬುತ್ತೇವೆ. ನಿಮಗೆ ಸ್ವಂತ ಸರ್ವರ್ ಇದ್ದರೆ ವೈರ್‌ಗಾರ್ಡ್ ಇದೆ. 2020ರಿಂದ ಲಿನಕ್ಸ್ ಕರ್ನಲ್ ಒಳಗೇ ಇದೆ, ಸುಮಾರು 4,000 ಸಾಲಿನ ಕೋಡ್. ಸರ್ವರ್ ಇಲ್ಲದವರಿಗೆ ಸಿಂಕ್‌ಥಿಂಗ್ ಸಾಕು. ಅದೂ ಪುಕ್ಕಟೆ, ಕೋಡ್ ಎಲ್ಲರಿಗೂ ತೆರೆದಿದೆ. ಇಬ್ಬರೂ ಒಬ್ಬರ ಡಿವೈಸ್ ಐಡಿ ಇನ್ನೊಬ್ಬರು ಸೇರಿಸಿಕೊಂಡರೆ ಒಂದು ಫೋಲ್ಡರ್ ಎರಡೂ ಕಡೆ ಒಂದೇ ಆಗುತ್ತೆ. ನೇರ ದಾರಿ ಸಿಗದಿದ್ದರೆ ನಡುವಿನ ರಿಲೇ ಮೂಲಕ ಹೋಗುತ್ತೆ, ಆದರೆ ರಿಲೇ ನಡೆಸುವವನಿಗೆ ಒಳಗಿನದು ಓದಲು ಬರೋದಿಲ್ಲ. ಎರಡೂ ಮಷೀನ್ ಒಟ್ಟಿಗೆ ಚಾಲೂ ಇರಬೇಕು, ಅದೊಂದೇ ತೊಡಕು. ಕರೆಂಟ್ ಹೋದಾಗ ಕಾಯಬೇಕು.

ಫೋನಿನಲ್ಲೇ ಹೇಳಿ ಹಾಕಿಸಿದೆ. ಹೊಲದ ಕಾಗದ ಅದೇ ಸಂಜೆ ಬಂತು.

"ಸಿನಿಮಾದ್ದು ಏನ್ ಮಾಡೂಣು?" ಅಂದ.

"ಅದನ್ನ ಮಾಡಿದವ್ರಿಗೂ ಹೊಟ್ಟಿ ಐತಿ. ಟಿಕೆಟ್ ರೊಕ್ಕ ನಾ ಹಾಕ್ತೇನಿ, ಬಾಗಲಕೋಟಿಗೆ ಹೋಗಿ ನೋಡು."

"ಹಂಗಾರ ಇಬ್ಬರದು ಹಾಕು," ಅಂದ.

ಹಾಕಿದೆ. ಯಾವ ಫ್ರೀ ವಿಪಿಎನ್‌ಗಿಂತಲೂ ಅದೇ ಅಗ್ಗ ಅನ್ನಿಸಿತು.