ಜನತಾ ಕೈಗಡಿಯಾರ: ಒಂದು ವಿಮರ್ಶೆ

ಜೇವರ್ಗಿ ಸೀಮೆಯ ಯಡ್ರಾಮಿಯಲ್ಲಿ, ಹಳೆಯ ಮನೆಯೊಂದರ ಗೋಡೆಗೂಡಿನೊಳಗೆ, ಎಚ್.ಎಂ.ಟಿ. ಸಂಸ್ಥೆಯ ‘ಜನತಾ’ ಕೈಗಡಿಯಾರವೊಂದನ್ನು ಈಚೆಗೆ ಕಂಡೆವು. ೧೯೮೧ರ ಬೇಸಗೆಯ ಮದುವೆಯಲ್ಲಿ ಅಳಿಯನಿಗೆ ಕೊಟ್ಟುದಂತೆ; ಕೀಲಿ ಕೊಟ್ಟೊಡನೆ ನಡೆಯಿತು. ಗ್ರಂಥವನ್ನು ಪರಾಮರ್ಶಿಸುವಂತೆಯೇ ನಿತ್ಯಬಳಕೆಯ ವಸ್ತುವನ್ನೂ ಪರಾಮರ್ಶಿಸಬಹುದೆಂಬುದು ನಮ್ಮ ಮತ.

ರೂಪದ ವಿಷಯದಲ್ಲಿ ದೋಷ ಹೇಳುವಂತಿಲ್ಲ. ಅಲಂಕಾರದ ಹಂಬಲವಿಲ್ಲ, ಔಚಿತ್ಯವೇ ಇದರ ಸೌಂದರ್ಯ. ೧೯೬೧ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಕಾರದಿಂದ ಬೆಂಗಳೂರಿನಲ್ಲಿ ಆರಂಭವಾದ ಕಾರ್ಖಾನೆಯ ಪರಂಪರೆಯದು. ದಿನಕ್ಕೊಮ್ಮೆ ಮನುಷ್ಯನ ಕೈ ಕೀಲಿ ಕೊಡದಿದ್ದರೆ ನಿಂತುಹೋಗುತ್ತದೆ.

ವಿಚಾರಾರ್ಹವಾದುದು ಹೆಸರು. ‘ಜನತಾ’ ಎಂಬುದು ಕೊಳ್ಳುವ ಜನರನ್ನು ಕರೆಯುತ್ತದೆ. ಮಾಡಿದ ಜನರನ್ನು ಕರೆಯುವುದಿಲ್ಲ. ಆ ಜನರು ೧೯೮೦ನೆಯ ಡಿಸೆಂಬರಿನ ಕೊನೆಯಲ್ಲಿ ಎಚ್.ಎ.ಎಲ್., ಬಿ.ಇ.ಎಲ್., ಐ.ಟಿ.ಐ., ಬಿ.ಇ.ಎಂ.ಎಲ್. ಕಾರ್ಮಿಕರೊಡನೆ ಕೆಲಸ ನಿಲ್ಲಿಸಿದರು. ಬಿ.ಎಚ್.ಇ.ಎಲ್. ಕಾರ್ಮಿಕರ ವೇತನಕ್ಕೆ ಸಮನಾದ ವೇತನ ತಮಗೂ ಬೇಕೆಂಬುದು ಅವರ ಮುಖ್ಯ ಬೇಡಿಕೆ. ೭೭ ದಿನಗಳ ಆ ಮುಷ್ಕರವು, ಯಡ್ರಾಮಿಯ ಮದುವೆಗೆ ಸ್ವಲ್ಪವೇ ಮುಂಚೆ, ೧೯೮೧ರ ಮಾರ್ಚಿಯಲ್ಲಿ ಬೇಡಿಕೆ ಕೈಗೂಡದೆಯೇ ಮುಗಿಯಿತು. ಎರಡೂವರೆ ತಿಂಗಳು ಸಂಬಳವಿಲ್ಲದ ಮನೆಯೆಂದರೇನೆಂಬುದನ್ನು ಉಪಾಧ್ಯಾಯರಾದ ವಾಚಕರಿಗೆ ವಿವರಿಸಬೇಕಾಗಿಲ್ಲ.

ಆ ನಡುವೆಯೇ, ೧೯೮೧ರ ಜನವರಿಯಲ್ಲಿ, ಗೋಕಾಕ್ ಸಮಿತಿಯು ತನ್ನ ವರದಿಯನ್ನೊಪ್ಪಿಸಿತು. ಆ ವರದಿಯನ್ನೂ ಅದರ ಬೆನ್ನಿಗೆ ಎದ್ದ ಚಳವಳಿಯನ್ನೂ ಅರಿಯದ ಕನ್ನಡ ಅಧ್ಯಾಪಕರುಂಟೆ? ಅದೇ ತಿಂಗಳು ಬೆಂಗಳೂರಿನಲ್ಲಿ ನಿಂತಿದ್ದ ಯಂತ್ರಗಳನ್ನು ನಮ್ಮ ಪಾಠಗಳು ಎಷ್ಟು ಬಾರಿ ನೆನೆದಿವೆ?

ಈ ಮರೆವು ನಮ್ಮ ಪರಂಪರೆಗೆ ಸಹಜವಾದುದಲ್ಲ. ನುಲಿಯ ಚಂದಯ್ಯ, ಮಡಿವಾಳ ಮಾಚಯ್ಯ, ಆಯ್ದಕ್ಕಿ ಲಕ್ಕಮ್ಮ: ಹೆಸರಿಗಿಂತ ಮೊದಲೇ ದುಡಿಮೆ ನಿಂತಿದೆ. ಕಾಯಕವೂ ಕೂಲಿಯೂ ಒಂದಲ್ಲವೆಂಬ ಆಕ್ಷೇಪವು ನ್ಯಾಯವಾದುದೇ. ಚಂದಯ್ಯ ಹೊಸೆದ ಹಗ್ಗ ಅವನದು. ಗಡಿಯಾರವು ಅದನ್ನು ಜೋಡಿಸಿದವಳದಲ್ಲ. ಆದುದರಿಂದಲೇ ಕಾರ್ಖಾನೆಯ ದುಡಿಮೆಗೆ ‘ಕಾಯಕ’ವೆಂಬ ಮಾತನ್ನು ಹಗುರವಾಗಿ ಹಚ್ಚುವ ಉಪನ್ಯಾಸಗಳು ನಮಗೆ ರುಚಿಸವು. ಮಾರಯ್ಯನು ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಲಕ್ಕಮ್ಮ ಹಿಂದಕ್ಕೆ ಕಳುಹಿಸಿದ ಕಥೆಯನ್ನು ಕೂಲಿಕಾರರಿಗೆ ತೃಪ್ತಿಯ ಬೋಧೆಯಾಗಿ ಹೇಳುವುದುಂಟು. ಆದರೆ ಸಾಕೆಂಬ ಅಳತೆಯನ್ನು ಅಲ್ಲಿ ಗೊತ್ತುಮಾಡಿದವಳು ಲಕ್ಕಮ್ಮನೇ ಹೊರತು ಅಕ್ಕಿಯ ಒಡೆಯನಲ್ಲ. ಅಳತೆ ಯಾರದೆಂಬ ಈ ಪ್ರಶ್ನೆಯೇ ೭೭ ದಿನಗಳ ಉದ್ದಕ್ಕೂ ಬೆಂಗಳೂರಿನಲ್ಲಿ ನಿಂತಿತ್ತು. ಕಥೆಯನ್ನು ಮುಷ್ಕರದ ವಿರುದ್ಧ ಓದುವವರು ಕಥೆಯನ್ನೇ ತಪ್ಪಾಗಿ ಓದುತ್ತಾರೆ.

೨೦೧೬ರಲ್ಲಿ ಕೇಂದ್ರ ಸಚಿವ ಸಂಪುಟವು ಎಚ್.ಎಂ.ಟಿ. ಗಡಿಯಾರ ಸಂಸ್ಥೆಯನ್ನು ಮುಚ್ಚಲು ಒಪ್ಪಿತು. ಅನಂತರದ ಹೊಗಳಿಕೆಯಲ್ಲೆಲ್ಲ ತಂದೆಯ ಮುಂಗೈ, ಮದುವೆಯ ಉಡುಗೊರೆ, ಮೊದಲ ಸಂಬಳ! ಅವು ಸುಳ್ಳಲ್ಲ, ಯಡ್ರಾಮಿಯ ಮನೆಯವರು ಹೇಳಿದುದೂ ಅದನ್ನೇ. ಆದರೆ ಅವೆಲ್ಲ ಕಟ್ಟಿಕೊಂಡವರ ನೆನಪುಗಳು. ಮಾಡಿದವರ ನೆನಪುಗಳನ್ನು ಕೇಳಿ ಬರೆದಿಡಲು ಜಾಲಹಳ್ಳಿಯ ಸುತ್ತಿನ ಮನೆಗಳಿಗೆ ಹೋಗಬೇಕು. ಮುಷ್ಕರದಲ್ಲಿ ಇದ್ದವರಿಗೆ ಈಗ ವಯಸ್ಸಾಗಿದೆ.