ಭಟ್ಟಾಕಳಂಕನ ಪ್ರಯೋಜನವಿಚಾರ

ಶಾಸ್ತ್ರಗ್ರಂಥವನ್ನು ಆರಂಭಿಸುವವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳನ್ನು ಮೊದಲೇ ತಿಳಿಸತಕ್ಕದ್ದೆಂಬುದು ಪೂರ್ವಾಚಾರ್ಯರ ಮರ್ಯಾದೆ. ಪ್ರಯೋಜನವನ್ನು ಕಾಣದೆ ಮಂದಬುದ್ಧಿಯವನೂ ಕೆಲಸಕ್ಕೆ ತೊಡಗನೆಂಬ ನ್ಯಾಯವು ಪಾಠಶಾಲೆಯ ಬಾಲಕರಿಗೂ ಬಾಯಿಪಾಠವಾಗಿರುವುದು. ಆದರೆ ಮನುಷ್ಯನ ಬಾಳು ಗ್ರಂಥದಂತೆ ಮಂಗಳಾಚರಣೆಯ ತರುವಾಯ ಪ್ರಯೋಜನವಾಕ್ಯದಿಂದ ತೊಡಗುವುದಿಲ್ಲ. ತಾನು ಏತಕ್ಕಾಗಿ ಓದಿದೆನು, ಓದಿದುದನ್ನು ಯಾರಿಗಾಗಿ ವಿನಿಯೋಗಿಸಬೇಕು ಎಂಬ ಪ್ರಶ್ನೆಯು ಬಹುಮಂದಿಗೆ ಅರ್ಧ ಆಯುಸ್ಸು ಕಳೆದ ಮೇಲೆ ಹುಟ್ಟುವುದು; ಕೆಲವರಿಗೆ ಹುಟ್ಟುವುದೇ ಇಲ್ಲ. ನ್ಯಾಯದರ್ಶನವು ಹದಿನಾರು ಪದಾರ್ಥಗಳನ್ನೆಣಿಸುವಾಗ ಪ್ರಯೋಜನವನ್ನು ನಾಲ್ಕನೆಯದಾಗಿ, ಸಂಶಯದ ಬೆನ್ನಿಗೇ ಇಟ್ಟಿರುವುದು. ಈ ಕ್ರಮವನ್ನು ಕೇವಲ ಎಣಿಕೆಯ ಸೌಕರ್ಯವೆಂದು ತಳ್ಳಿಬಿಡಲಾಗದು. ತಾನು ಕಲಿತುದರ ವಿಷಯದಲ್ಲಿಯೇ ಒಮ್ಮೆ ಸಂಶಯಪಡದವನಿಗೆ ತನ್ನದೆಂಬ ಪ್ರಯೋಜನ ದೊರಕುವುದು ದುರ್ಘಟ. ಗುರುವಿನ ಪ್ರಯೋಜನವನ್ನೇ ತನ್ನದೆಂದು ತಿಳಿದು ಅವನು ಕಾಲ ಕಳೆಯುವನು.

ಈ ದೃಷ್ಟಿಯಿಂದ ಪರಿಶೀಲಿಸತಕ್ಕ ಒಂದು ಪೀಠಿಕೆ ಕನ್ನಡದ ವ್ಯಾಕರಣಪರಂಪರೆಯಲ್ಲಿರುವುದು. ಅದು ಭಟ್ಟಾಕಳಂಕದೇವನ ಕರ್ಣಾಟಕ ಶಬ್ದಾನುಶಾಸನದ ಆರಂಭಭಾಗ. ಶಕ ೧೫೨೬, ಎಂದರೆ ಕ್ರಿ.ಶ. ೧೬೦೪ರಲ್ಲಿ ರಚಿತವಾದ ಈ ಗ್ರಂಥದಲ್ಲಿ ೫೯೨ ಸಂಸ್ಕೃತಸೂತ್ರಗಳೂ, ಭಾಷಾಮಂಜರಿಯೆಂಬ ವೃತ್ತಿಯೂ, ಮಂಜರೀಮಕರಂದವೆಂಬ ವ್ಯಾಖ್ಯಾನವೂ ಇವೆ, ಇವೆಲ್ಲವೂ ಸಂಸ್ಕೃತದಲ್ಲಿಯೇ. ಗ್ರಂಥಕಾರನನ್ನು ಸುಧಾಪುರದ ಜೈನಮಠದ ಪರಂಪರೆಗೆ ಸೇರಿಸುವುದು ರೂಢಿ. ಹಾಡುವಳ್ಳಿಯ ಮಠದ ಹೆಸರೂ ಅವನೊಡನೆ ಕೂಡಿಬಂದಿದೆ. ಸುಧಾಪುರವೆಂದರೆ ಶಿರಸಿ ತಾಲೂಕಿನ ಸೋದೆ. ಅಲ್ಲಿಯ ಜೈನಪೀಠದ ಸ್ವಾಮಿಗಳು ಇಂದಿಗೂ ಭಟ್ಟಾಕಳಂಕರೆಂಬ ಹೆಸರನ್ನೇ ಧರಿಸುವರು. ಘಟ್ಟದ ಮೇಲೆ ಸೋದೆ ಮತ್ತು ಸಿದ್ದಾಪುರ ತಾಲೂಕಿನ ಬಿಳಗಿ, ಘಟ್ಟದ ಕೆಳಗೆ ಹಾಡುವಳ್ಳಿ ಮತ್ತು ಗೇರುಸೊಪ್ಪೆ—ಈ ವಲಯದಲ್ಲಿ ಜೈನವಿದ್ವತ್ತು ಆ ಕಾಲದಲ್ಲಿ ನೆಲೆಯೂರಿದ್ದಿತು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಜನರಿಗೆ ಸೋದೆಯೆಂದೊಡನೆ ಶ್ರೀ ವಾದಿರಾಜರ ವೃಂದಾವನವೂ ಸಮೀಪದ ಸ್ವರ್ಣವಲ್ಲೀ ಮಠವೂ ನೆನಪಾಗುವುವು. ವ್ಯಾಕರಣ ನೆನಪಾಗುವುದು ಅಪರೂಪ. ಗ್ರಂಥಕಾರನ ಬಾಳಿನ ಸಂಗತಿಗಳು ದೊರೆತಿರುವುದು ಅತ್ಯಲ್ಪ. ಆದಕಾರಣ ಅವನು ತನ್ನ ಬಾಳನ್ನು ಏತಕ್ಕೆ ತೆತ್ತನೆಂಬುದನ್ನು ಅವನ ಪೀಠಿಕೆಯಿಂದಲೇ ಊಹಿಸಬೇಕಾಗಿದೆ.

ಮೊದಲು ಹೆಸರನ್ನೇ ವಿಚಾರಿಸಬಹುದು. ಶಬ್ದಾನುಶಾಸನವೆಂಬುದು ಪತಂಜಲಿಯು ಮಹಾಭಾಷ್ಯದ ಬಾಗಿಲಲ್ಲಿಯೇ ಇರಿಸಿದ ಮಾತು. ಯಾವ ಶಬ್ದಗಳ ಅನುಶಾಸನವೆಂದು ತಾನೇ ಪ್ರಶ್ನಿಸಿ, ಲೌಕಿಕಗಳದೂ ವೈದಿಕಗಳದೂ ಎಂದು ಆತನು ಉತ್ತರ ಹೇಳುವನು. ಇಲ್ಲಿ ಲೌಕಿಕವೆಂದರೆ ಲೋಕದಲ್ಲಿ ಶಿಷ್ಟರಾಡುವ ಸಂಸ್ಕೃತವೇ ಸರಿ. ಜೈನವೈಯಾಕರಣರಲ್ಲಿ ಪಾಲ್ಯಕೀರ್ತಿ ಶಾಕಟಾಯನನೂ ಹೇಮಚಂದ್ರನೂ ಈ ಹೆಸರನ್ನೇ ಎತ್ತಿಕೊಂಡರು. ಅವರಲ್ಲಿ ಹೇಮಚಂದ್ರನು ಪ್ರಾಕೃತಕ್ಕೂ ಒಂದು ಅಧ್ಯಾಯವನ್ನು ಕೊಟ್ಟು, ಸಂಸ್ಕೃತದಿಂದ ಸಾಧಿಸಲಾಗದ ದೇಶ್ಯಶಬ್ದಗಳನ್ನು ವ್ಯಾಕರಣದ ಹೊರಗಿರಿಸಿ ದೇಶೀನಾಮಮಾಲೆಯೆಂಬ ಕೋಶಕ್ಕೆ ಕಳುಹಿಸಿದನು. ಭಟ್ಟಾಕಳಂಕನು ಅದೇ ಹೆಸರಿನ ಹಿಂದೆ ‘ಕರ್ಣಾಟಕ’ವೆಂಬ ಒಂದು ವಿಶೇಷಣವನ್ನಿಟ್ಟನು. ಅದರಿಂದ ಪತಂಜಲಿಯ ಪ್ರಶ್ನೆಗೆ ವೈದಿಕವೂ ಅಲ್ಲದ, ಸಂಸ್ಕೃತವೂ ಅಲ್ಲದ ಮೂರನೆಯದೊಂದು ಉತ್ತರ ಬಂದಂತಾಯಿತು.

ಈ ಉತ್ತರವು ಸುಲಭವಾಗಿ ಬಂದುದಲ್ಲ. ಪೂಜ್ಯಪಾದನ ಜೈನೇಂದ್ರ, ಪಾಲ್ಯಕೀರ್ತಿಯ ಶಾಕಟಾಯನ—ಇವು ಜೈನಮಠಗಳಲ್ಲಿ ಮಾನ್ಯವಾದ ವ್ಯಾಕರಣಗಳು; ಇವಕ್ಕೆ ವ್ಯಾಖ್ಯಾನವನ್ನೋ, ವ್ಯಾಖ್ಯಾನಕ್ಕೊಂದು ಟಿಪ್ಪಣಿಯನ್ನೋ ಬರೆದು ಕೃತಾರ್ಥನಾಗುವ ದಾರಿ ಅವನ ಮುಂದೆ ತೆರೆದೇ ಇದ್ದಿತು. ಆ ದಾರಿಯಲ್ಲಿ ಪ್ರಯೋಜನವನ್ನು ಹೊಸದಾಗಿ ಹುಡುಕಬೇಕಾದ ತೊಡಕಿಲ್ಲ. ಮಹಾಭಾಷ್ಯದ ಪಸ್ಪಶಾಹ್ನಿಕದಲ್ಲಿ ವ್ಯಾಕರಣಕ್ಕೆ ರಕ್ಷೆ, ಊಹ, ಆಗಮ, ಲಘು, ಅಸಂದೇಹ ಎಂಬ ಐದು ಪ್ರಯೋಜನಗಳನ್ನು ಎಣಿಸಿರುವುದು ಸರ್ವವಿದಿತ. ಇವುಗಳಲ್ಲಿ ಮೊದಲಿನ ಮೂರು ನೇರವಾಗಿ ವೇದವನ್ನೇ ಆಶ್ರಯಿಸಿವೆ. ಉಳಿದೆರಡರ ನಿರೂಪಣೆಯೂ ಬ್ರಾಹ್ಮಣನ ಅಧ್ಯಯನವನ್ನೂ ಯಾಜ್ಞಿಕರ ಪದಸಂದೇಹವನ್ನೂ ಬಿಟ್ಟು ಹೋಗುವುದಿಲ್ಲ. ವೇದವನ್ನು ಪ್ರಮಾಣವೆಂದೊಪ್ಪದ ಜೈನನಿಗೆ, ಅದರಲ್ಲಿಯೂ ವೇದದೊಡನೆ ಯಾವ ಸಂಬಂಧವೂ ಇಲ್ಲದ ದೇಶಭಾಷೆಯ ವ್ಯಾಕರಣಕ್ಕೆ, ಈ ಐದರಲ್ಲಿ ಒಂದೂ ಸಿದ್ಧರೂಪದಲ್ಲಿ ಒದಗುವಂತಿಲ್ಲ. ಸೂತ್ರದ ರೀತಿಯನ್ನು ಅವನು ಪೂರ್ವಿಕರಿಂದ ಸಾಲವಾಗಿ ತರಬಹುದಾಗಿದ್ದಿತು; ಪ್ರಯೋಜನವನ್ನು ಮಾತ್ರ ತರುವಂತಿರಲಿಲ್ಲ.

ಅವನು ಎದುರಿಸಿದ ಪೂರ್ವಪಕ್ಷದ ಬೇರೂ ಇಲ್ಲಿಯೇ ಇರುವುದು. ಸಾಧುಶಬ್ದದಿಂದಲೂ ಅಪಶಬ್ದದಿಂದಲೂ ಅರ್ಥಪ್ರತೀತಿ ಸಮಾನವಾದರೂ ಧರ್ಮವು ಸಾಧುಶಬ್ದದಿಂದಲೇ ಎಂಬುದು ವೈಯಾಕರಣರ ಸಿದ್ಧಾಂತ. ಗೋಶಬ್ದಕ್ಕೆ ಗಾವೀ, ಗೋಣೀ ಮೊದಲಾದ ಅಪಭ್ರಂಶಗಳನ್ನು ಪತಂಜಲಿ ಎಣಿಸುವನು. ಕನ್ನಡದ ‘ಆವು’ ಎಂಬ ಶಬ್ದಕ್ಕೆ ಆ ಪಟ್ಟಿಯಲ್ಲಿ ಕಡೆಯ ಸ್ಥಾನವೂ ದೊರಕದು, ಅದು ಗೋಶಬ್ದದಿಂದ ಕೆಟ್ಟು ಬಂದುದೂ ಅಲ್ಲವಾದ್ದರಿಂದ! ಹೀಗಿರಲು ಇಂತಹ ಭಾಷೆಗೆ ಅನುಶಾಸನವೇಕೆ, ಶಾಸ್ತ್ರಕ್ಕೆ ಉಪಯೋಗವಿಲ್ಲದ ನುಡಿಗೆ ಶಾಸ್ತ್ರದ ಶ್ರಮವೇಕೆ ಎಂಬ ಆಕ್ಷೇಪವು ಹೊರಗಿನವರದಷ್ಟೇ ಆಗಿದ್ದಿತೆಂದು ತಿಳಿಯಬೇಕಾಗಿಲ್ಲ. ಸಂಸ್ಕೃತಶಾಸ್ತ್ರದಲ್ಲಿ ಪಳಗಿದವನ ಅಂತರಂಗದಲ್ಲಿಯೇ ಅದು ಏಳತಕ್ಕದ್ದು. ಅದನ್ನು ಮುಚ್ಚಿಡದೆ ಗ್ರಂಥದ ಮೊದಲಿಗೇ ಎಳೆದುತಂದು ನಿಲ್ಲಿಸಿರುವುದರಲ್ಲಿ ಈ ಪೀಠಿಕೆಯ ಸತ್ಯಸಂಧತೆ ಕಾಣುವುದು.

ಅವನ ಸಮಾಧಾನವನ್ನು ಕನ್ನಡ ವಿದ್ವಾಂಸರು ಅನೇಕಸಲ ಅಭಿಮಾನದಿಂದ ಎತ್ತಿ ಆಡಿರುವರು. ಅದರ ತರ್ಕವನ್ನು ಪರೀಕ್ಷಿಸಿದವರು ಕಡಮೆ. ಈ ಭಾಷೆ ಶಾಸ್ತ್ರಕ್ಕೆ ಅನುಪಯುಕ್ತವಲ್ಲ. ತತ್ತ್ವಾರ್ಥಮಹಾಶಾಸ್ತ್ರಕ್ಕೆ ವ್ಯಾಖ್ಯಾನರೂಪವಾದ, ತೊಂಬತ್ತಾರು ಸಾವಿರ ಗ್ರಂಥಪರಿಮಾಣದ ಚೂಡಾಮಣಿಯು ಇದರಲ್ಲಿರುವುದು. ಶಬ್ದಾಗಮ, ಯುಕ್ತ್ಯಾಗಮ, ಪರಮಾಗಮಗಳಿಗೂ ಕಾವ್ಯ, ನಾಟಕ, ಅಲಂಕಾರ, ಕಲೆಗಳಿಗೂ ಸಂಬಂಧಿಸಿದ ಬಹುಗ್ರಂಥಗಳು ಇದರಲ್ಲಿ ದೊರೆಯುತ್ತಿರುವುವು—ಇದು ಅವನ ಉತ್ತರದ ಸಾರ. ಇಲ್ಲಿ ಭಾಷೆಯ ದೈವಿಕಮೂಲವನ್ನು ಕೊಂಡಾಡಿಲ್ಲ, ಅದರ ಇಂಪನ್ನು ಹೊಗಳಿಲ್ಲ, ತಾಯ್ನುಡಿಯೆಂಬ ಮಮತೆಯನ್ನೂ ಮುಂದೊಡ್ಡಿಲ್ಲ. ದೊರೆಯುವುವು ಎಂಬ ಒಂದೇ ಹೇತು. ವಾದಿಯು ಅಲ್ಲಗಳೆಯಬೇಕಾದರೆ ಗ್ರಂಥಭಂಡಾರದ ಬಾಗಿಲನ್ನು ತೆರೆದು ನೋಡಬೇಕು. ೨೦೦೮ರಲ್ಲಿ ಕೇಂದ್ರ ಸರ್ಕಾರವು ಕನ್ನಡಕ್ಕೆ ಶಾಸ್ತ್ರೀಯಭಾಷೆಯ ಸ್ಥಾನವನ್ನು ಒಪ್ಪಿದುದಕ್ಕೆ ಮುಂಚೆ ಮಂಡಿತವಾದ ವಾದಗಳಲ್ಲಿಯೂ ಇದಕ್ಕಿಂತ ಬಿಗಿಯಾದ ಹೇತು ಮತ್ತೊಂದು ಇದ್ದಂತೆ ತೋರದು. ವಿಷಾದವೇನೆಂದರೆ ಆ ಚೂಡಾಮಣಿಯೇ ಇಂದು ಉಪಲಬ್ಧವಿಲ್ಲ. ಅವನ ಕಾಲಕ್ಕೆ ಸಿದ್ಧವಾಗಿದ್ದ ಹೇತುವಿನ ಮುಖ್ಯಾಂಶವು ಈಗಿನವರಿಗೆ ಅವನ ಮಾತಿನ ಬಲದಿಂದಲೇ ನಿಲ್ಲಬೇಕಾಗಿದೆ. ಜಿನನ ದಿವ್ಯಧ್ವನಿಯು ಕೇಳುವ ಜೀವಿಗಳಿಗೆಲ್ಲ ಅವರವರ ಭಾಷೆಯಾಗಿ ಪರಿಣಮಿಸುವುದೆಂಬ ಜೈನಮತದ ನಂಬಿಕೆಯು ಈ ಧೈರ್ಯಕ್ಕೆ ಹಿನ್ನೆಲೆಯಾಗಿರಬಹುದು. ಭಾಷೆಗಳಲ್ಲಿ ಒಂದೇ ಪವಿತ್ರವೆಂಬ ಕಟ್ಟು ಅವನಿಗೆ ಮತದಿಂದ ಬಂದುದಲ್ಲ, ಓದಿನಿಂದ ಬಂದುದು. ಓದು ಕಟ್ಟಿದ ಗಂಟನ್ನು ಓದಿನಿಂದಲೇ ಬಿಚ್ಚುವ ಕಾರ್ಯವು ಅವನ ಪಾಲಿಗೆ ಬಂದಿತು.

ಇರಲಿ. ಕನ್ನಡವು ಶಾಸ್ತ್ರಕ್ಕೆ ಯೋಗ್ಯವೆಂದು ಸಾಧಿಸುವವನು ಆ ಮಾತನ್ನು ಸಂಸ್ಕೃತದಲ್ಲಿ ಏಕೆ ಸಾಧಿಸಿದನೆಂಬ ಆಕ್ಷೇಪ ಉಳಿದೇ ಇರುವುದು. ಪೂರ್ವೋದಾಹರಣೆಗಳು ಎರಡು ಕಡೆಗೂ ಇವೆ. ನಾಗವರ್ಮನು ಭಾಷಾಭೂಷಣವನ್ನು ಸಂಸ್ಕೃತಸೂತ್ರಗಳಲ್ಲಿಯೂ, ಕಾವ್ಯಾವಲೋಕನದ ಶಬ್ದಸ್ಮೃತಿಯನ್ನು ಕನ್ನಡದಲ್ಲಿಯೂ ರಚಿಸಿದನು. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣವನ್ನು ಕನ್ನಡದ ಕಂದಪದ್ಯಗಳಲ್ಲಿಯೇ ಕಟ್ಟಿ ಭಾಷೆಯ ಸಾಮರ್ಥ್ಯವನ್ನು ವಾದಿಸದೆ ತೋರಿಸಿಕೊಟ್ಟನು. ಇವನ್ನೆಲ್ಲ ಬಲ್ಲ ಭಟ್ಟಾಕಳಂಕನು ಪಾಣಿನಿಯ ಅಂಗಿಯನ್ನು ಕನ್ನಡಕ್ಕೆ ತೊಡಿಸಿದನೆಂದೂ, ಪಾಂಡಿತ್ಯಪ್ರದರ್ಶನವೇ ಅವನ ಉದ್ದೇಶವೆಂದೂ ಹೇಳುವ ವಿಮರ್ಶಕರಿರಬಹುದು. ಇವರು ನಾಲ್ಕು ಅನುಬಂಧಗಳಲ್ಲಿ ಕೊನೆಯದಾದ ಅಧಿಕಾರಿಯನ್ನು ಮರೆತಂತಿದೆ. ಕೇಶಿರಾಜನ ಓದುಗನು ಕನ್ನಡದ ಕಬ್ಬಿಗ. ಅವನಿಗೆ ಕನ್ನಡದ ಯೋಗ್ಯತೆಯಲ್ಲಿ ಸಂಶಯವಿಲ್ಲ, ಪ್ರಯೋಗದಲ್ಲಿ ಮಾತ್ರ ಸಂದೇಹ. ಭಟ್ಟಾಕಳಂಕನ ಓದುಗನು ಸಂಸ್ಕೃತಪಂಡಿತ, ಅವನಿಗೆ ಪ್ರಯೋಗದಲ್ಲಿ ಸಂದೇಹವಿಲ್ಲ, ಮನೆಯಲ್ಲಿ ಆಡುತ್ತಲೇ ಇರುವನು, ಯೋಗ್ಯತೆಯಲ್ಲಿಯೇ ಸಂಶಯ. ಸಂಶಯವಿದ್ದಲ್ಲಿ ಸಮಾಧಾನ ಹೋಗಬೇಕು. ಆ ಸಂಶಯವಿದ್ದ ಮನೆಯ ಮಾತು ಸಂಸ್ಕೃತ. ಹೀಗೆ ನೋಡಿದರೆ ಸೂತ್ರ, ವೃತ್ತಿ, ವ್ಯಾಖ್ಯಾನಗಳೆಂಬ ಮೂರು ಸುತ್ತಿನ ಕೋಟೆಯು ಆಡಂಬರವಾಗಿ ಕಾಣದು, ಎದುರಾಳಿಯ ಬಲವನ್ನು ಅರಿತು ಕಟ್ಟಿದುದೆಂದು ಕಾಣುವುದು.

ಅದೇ ಸೋದೆಯಲ್ಲಿ, ಕೆಲವೇ ವರ್ಷಗಳ ಹಿಂದೆ, ಮತ್ತೊಬ್ಬ ಮಹಾವಿದ್ವಾಂಸರು ಈ ಎರಡು ಭಾಷೆಗಳ ನಡುವೆ ತಮ್ಮ ಕಾರ್ಯವನ್ನು ಬೇರೊಂದು ಬಗೆಯಲ್ಲಿ ಹಂಚಿಕೊಂಡಿದ್ದರು. ಸಂಪ್ರದಾಯದ ಲೆಕ್ಕದಲ್ಲಿ ೧೪೮೦ರಿಂದ ೧೬೦೦ರವರೆಗೆ ಬಾಳಿದ ಶ್ರೀ ವಾದಿರಾಜರು ಯುಕ್ತಿಮಲ್ಲಿಕೆಯನ್ನೂ ರುಕ್ಮಿಣೀಶವಿಜಯವನ್ನೂ ತೀರ್ಥಪ್ರಬಂಧವನ್ನೂ ಸಂಸ್ಕೃತದಲ್ಲಿ ಬರೆದರು. ಹಯವದನಾಂಕಿತದ ಕೀರ್ತನೆಗಳನ್ನೂ ಲಕ್ಷ್ಮೀಶೋಭಾನೆಯನ್ನೂ ಕನ್ನಡದಲ್ಲಿ ಹಾಡಿದರು. ವಾದಕ್ಕೆ ಸಂಸ್ಕೃತ, ಭಕ್ತಿಗೆ ಕನ್ನಡ; ಪ್ರತಿವಾದಿಗೊಂದು, ಮದುವೆಯ ಮನೆಯ ಹೆಂಗಸರಿಗೊಂದು. ಅಧಿಕಾರಿಭೇದವನ್ನು ಇಷ್ಟು ನಿಶ್ಚಯವಾಗಿ ಅರಿತು ಎರಡು ಕಡೆಯೂ ಪೂರ್ಣವಾಗಿ ದುಡಿದವರು ವಿರಳ. ಮಾಧ್ವರ ಮದುವೆಗಳಲ್ಲಿ ಶೋಭಾನೆಯು ಇಂದಿಗೂ ಕೇಳಿಬರುತ್ತಿರುವುದು. ಶಬ್ದಾನುಶಾಸನದ ಸೂತ್ರವನ್ನು ಯಾರೂ ಹಾಡಲಾರರು. ಲೋಕೋಪಕಾರದ ತಕ್ಕಡಿಯಲ್ಲಿ ತೂಗಿದರೆ ಸೋದೆಯ ವೈಯಾಕರಣನ ತಟ್ಟೆ ಮೇಲೇಳುವುದರಲ್ಲಿ ಸಂದೇಹವಿಲ್ಲ.

ಆದರೆ ಆ ಹಂಚಿಕೆಯು ಹಳೆಯ ಗಡಿಯನ್ನು ಹಾಗೆಯೇ ಬಿಡುವುದು. ಬುದ್ಧಿಯ ಕೆಲಸ ಸಂಸ್ಕೃತಕ್ಕೆ, ಹೃದಯದ ಕೆಲಸ ದೇಶಭಾಷೆಗೆ ಎಂಬ ಭಾವನೆ ಅದರಿಂದ ಮತ್ತಷ್ಟು ಗಟ್ಟಿಯಾಗುವುದಲ್ಲದೆ ಸಡಿಲುವುದಿಲ್ಲ. ಮಹಾಭಾರತತಾತ್ಪರ್ಯನಿರ್ಣಯವನ್ನು ವಾದಿರಾಜರು ಕನ್ನಡಿಸಿದರೆಂಬ ಸಂಪ್ರದಾಯವನ್ನು ಸ್ವೀಕರಿಸಿದಲ್ಲಿ, ಅವರೇ ಒಮ್ಮೆ ಆ ಗಡಿಯನ್ನು ದಾಟಿದರೆನ್ನಬೇಕು. ಅವರ ಕನ್ನಡಕೃತಿಗಳ ರಾಶಿಯಲ್ಲಿ ಅದು ಅಪವಾದವಾಗಿಯೇ ನಿಲ್ಲುವುದು. ಭಟ್ಟಾಕಳಂಕನು ಗಡಿಯನ್ನೇ ವಾದದಿಂದ ಅಲ್ಲಗಳೆದನು. ಅಲ್ಲಗಳೆದು, ಆಚರಣೆಯಲ್ಲಿ ಗಡಿಯ ಆಚೆಗೇ ಉಳಿದನು. ಇದು ಅವನ ನ್ಯೂನತೆಯೆಂಬುದನ್ನು ಅಧಿಕಾರಿಯ ಹೆಸರು ಹೇಳಿ ಪೂರ್ತಿಯಾಗಿ ಮರೆಸಲಾಗದು. ಸೂತ್ರ ಸಂಸ್ಕೃತದಲ್ಲಿರಲಿ, ನಾಗವರ್ಮನ ಮೇಲ್ಪಂಕ್ತಿಯಿರುವಾಗ ಕನ್ನಡದಲ್ಲಿಯೂ ಒಂದು ಶಬ್ದಸ್ಮೃತಿಯನ್ನು ಅವನು ಕೊಡಬಹುದಾಗಿದ್ದಿತು. ಕೊಟ್ಟಿದ್ದರೆ ಶಾಸ್ತ್ರಕ್ಕೆ ಯೋಗ್ಯವೆಂದು ಅವನು ಸಾಧಿಸಿದ ಭಾಷೆಗೆ ಅವನದೇ ಕೈಯಿಂದ ಒಂದು ಶಾಸ್ತ್ರ ದಕ್ಕುತ್ತಿದ್ದಿತು.

ಅವನು ಬಾಯಿಬಿಟ್ಟು ಹೇಳದ ಮತ್ತೊಂದು ಪ್ರಯೋಜನವು ಗ್ರಂಥದ ಒಡಲಲ್ಲಿರುವುದು. ಉದಾಹರಣೆಗಳಿಗೆ ಅವನು ಬಹುವಾಗಿ ಆಶ್ರಯಿಸುವುದು ಹಳಗನ್ನಡದ ಕವಿಗಳನ್ನು. ಅವನ ಕಾಲಕ್ಕೆ ಚಂಪೂಮಾರ್ಗವು ಹಿಂದಾಗಿ ಷಟ್ಪದಿ, ಸಾಂಗತ್ಯಗಳು ಮೆರೆಯುತ್ತಿದ್ದುವು. ಜೈನರಲ್ಲಿಯೇ ರತ್ನಾಕರವರ್ಣಿಯು ೧೫೫೭ರಲ್ಲಿ ಭರತೇಶವೈಭವವನ್ನು ಸಾಂಗತ್ಯದಲ್ಲಿ ಮುಗಿಸಿದ್ದನು. ೧೫೬೫ರ ಯುದ್ಧದ ತರುವಾಯ ವಿಜಯನಗರದ ಆಶ್ರಯವೂ ಕುಗ್ಗಿದ್ದಿತು. ಇಂತಹ ಸಮಯದಲ್ಲಿ ಪಂಪ, ರನ್ನರ ನುಡಿಗಟ್ಟನ್ನು ಸೂತ್ರಗಳಲ್ಲಿ ಬಂಧಿಸುವುದೆಂದರೆ, ಪತಂಜಲಿಯ ಮೊದಲನೆಯ ಪ್ರಯೋಜನವಾದ ರಕ್ಷೆಯನ್ನೇ ವೇದದಿಂದ ಬಿಡಿಸಿ ಹಳಗನ್ನಡಕ್ಕೆ ಹಚ್ಚಿದಂತೆ. ಸಾಲವಾಗಿ ತರಲಾಗದೆಂದುಕೊಂಡುದು ಬೇರೊಂದು ಬಾಗಿಲಿನಿಂದ ಅವನ ಮನೆಗೆ ಬಂದು ಸೇರಿತು. ಈ ರಕ್ಷಣೆಯ ಭರದಲ್ಲಿ ತನ್ನ ಸುತ್ತಲಿನ ಜೀವಂತ ಕನ್ನಡಕ್ಕೆ ಅವನು ಕಿವಿಗೊಟ್ಟುದು ಸಾಲದೆಂಬ ದೂರು ನ್ಯಾಯವಾದುದೇ. ಸಾಯುತ್ತಿರುವುದನ್ನು ಕಾಯಲು ಕುಳಿತವನಿಗೆ ಹುಟ್ಟುತ್ತಿರುವುದರ ಕಡೆ ನೋಡಲು ಬಿಡುವಿರದು.

ಗ್ರಂಥವು ಬಿ. ಎಲ್. ರೈಸರಿಂದ ೧೮೯೦ರಲ್ಲಿ ಬೆಂಗಳೂರಿನಲ್ಲಿ ಮುದ್ರಿತವಾಯಿತು, ೧೯೨೩ರಲ್ಲಿ ಆರ್. ನರಸಿಂಹಾಚಾರ್ಯರ ಪರಿಷ್ಕರಣ ಹೊರಬಂದಿತು. ಮುದ್ರಣಕ್ಕೆ ಬರುವಷ್ಟರಲ್ಲಿ ಅವನು ಗೊತ್ತುಮಾಡಿಕೊಂಡಿದ್ದ ಅಧಿಕಾರಿಯ ಸ್ಥಿತಿಯು ಬದಲಾಗತೊಡಗಿದ್ದಿತು. ಇಂದು ಕನ್ನಡದ ಯೋಗ್ಯತೆಯನ್ನು ಶಂಕಿಸುವ ಸಂಸ್ಕೃತಪಂಡಿತನು ಕಾಣಸಿಗುವುದು ಕಷ್ಟ. ಸಂಸ್ಕೃತವನ್ನರಿಯದ ಕನ್ನಡದ ಉಪಾಧ್ಯಾಯರು ಊರೂರಿಗೂ ಇರುವರು. ಅವರಿಗೆ ಈ ಗ್ರಂಥವು ಮುಚ್ಚಿದ ಬಾಗಿಲು. ತೆರೆಯಬಲ್ಲವರು ಸಂಸ್ಕೃತ ಪಾಠಶಾಲೆಗಳಲ್ಲಿ ವ್ಯಾಕರಣವನ್ನೋದಿದವರು. ಸಿದ್ಧಾಂತಕೌಮುದಿಯನ್ನು ಮುಗಿಸಿದ ವಿದ್ಯಾರ್ಥಿಗೆ ಭಾಷಾಮಂಜರಿಯ ಪ್ರಕ್ರಿಯೆಯಲ್ಲಿ ಹೊಸದೇನೂ ತೊಡಕಿಲ್ಲ. ಮನೆಯಲ್ಲಿ ದಿನವೂ ಆಡುವ ನುಡಿಯ ಹಳೆಯ ರೂಪಗಳು ಪ್ರಕೃತಿ, ಪ್ರತ್ಯಯ, ಆದೇಶಗಳಾಗಿ ಒಡೆದು ನಿಂತುದನ್ನು ಕಂಡು ಅವನು ಬೆರಗಾಗುವುದು ಮಾತ್ರ ಹೊಸದು. ಶಿರಸಿಯ ಸೀಮೆಯ ಪಾಠಶಾಲೆಗಳ ವ್ಯಾಕರಣತರಗತಿಯಲ್ಲಿ, ಸೋದೆಯಿಂದ ಕೆಲವೇ ಹರದಾರಿ ದೂರದಲ್ಲಿ, ಪೀಠಿಕೆಯ ಆ ಪೂರ್ವಪಕ್ಷಭಾಗವನ್ನಾದರೂ ಮಹಾಭಾಷ್ಯದ ಪಸ್ಪಶಾಹ್ನಿಕದೊಡನೆ ಸೇರಿಸಿ ಪಾಠಹೇಳಲು ಯಾವ ಅಡ್ಡಿಯೂ ಇರಲಾರದು.